ಹಳದಿ ವಯರ್ ಯಾವ ಬ್ಯಾಟರಿಗೆ?

ಎರಡು ರಾತ್ರಿ ಮರವಂತೆಯಲ್ಲಿ ಗಾಡಿ ನಿಲ್ಲಿಸಿದ್ದೆವು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಮೂರನೇ ದಿನ ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಹಿಂದೆ ಫ್ಯಾನ್ ತಿರುಗುತ್ತಾ ಇದೆ, ಫ್ರಿಡ್ಜ್ ತಣ್ಣಗಿದೆ, ಲೈಟ್ ಬೆಳಗುತ್ತಿದೆ. ಎಂಜಿನ್ ಮಾತ್ರ ಏಳುವುದಿಲ್ಲ. ಮೀನಿನ ಟೆಂಪೊ ನಿಲ್ಲಿಸಿ, ಅವರ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಕೊಂಡು ಉಡುಪಿಗೆ ಬಂದೆವು. ಅಪ್ಪ ದಾರಿಯುದ್ದಕ್ಕೂ ಒಂದು ಮಾತು ಆಡಲಿಲ್ಲ. ಅದೇ ಜಾಸ್ತಿ ಹೆದರಿಕೆ.

ನಮ್ಮದು ಹಳೆಯ ಟ್ರಾವೆಲ್ಲರ್ ವ್ಯಾನ್. ಸೀಟು ತೆಗೆಸಿ, ಮಂಚ, ಒಲೆ, ಸಿಂಕ್ ಹಾಕಿಸಿ ಮನೆ ಮಾಡಿಕೊಂಡದ್ದು. ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್‌ಗೆ, ಇನ್ನೊಂದು ಹಿಂದಿನ ಮನೆಗೆ. ಮನೆಯದ್ದು ಎಷ್ಟು ಖಾಲಿಯಾದರೂ ಎಂಜಿನ್‌ನದ್ದು ಮುಟ್ಟಬಾರದು, ವ್ಯವಸ್ಥೆ ಇರುವುದೇ ಅದಕ್ಕೆ. ಹಾಗಾದರೆ ಎಂಜಿನ್ ಬ್ಯಾಟರಿ ಕುಡಿದದ್ದು ಯಾರು?

ರೇಡಿಯೊ.

ಎರಡು ವರ್ಷ ಹಿಂದೆ ಒಂದು ಅಂಗಡಿಯಲ್ಲಿ ಹಾಕಿಸಿದ ಸೆಟ್. ಅದರ ಹಿಂದೆ ಹಳದಿ ಮತ್ತು ಕೆಂಪು ವಯರ್ ಇರುತ್ತವೆ. ಹಳದಿಗೆ ಯಾವಾಗಲೂ ಕರೆಂಟ್ ಇರಬೇಕು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. 'ಕೀ ಇಲ್ಲದೆಯೂ ಹಾಡು ಬರಬೇಕು' ಅಂತ ನಾನು ಹೇಳಿದ್ದೆ, ನಿಜ. ಅಂಗಡಿಯವರು ಎರಡನ್ನೂ ಸೇರಿಸಿ ತಿರುಚಿ, ಟೇಪ್ ಸುತ್ತಿ, ಸೀದಾ ಎಂಜಿನ್ ಬ್ಯಾಟರಿಗೆ ಕೊಟ್ಟಿದ್ದರು. ಅಂದರೆ ಸೆಟ್ಟಿಗೆ ನಿದ್ದೆಯೇ ಇಲ್ಲ. ಮನೆಗೆ ಬಂದ ಮೇಲೆ ಮೀಟರ್ ಹಿಡಿದು ನೋಡಿದೆ. ಬಟನ್ ಒತ್ತಿ ಆಫ್ ಮಾಡಿದರೂ 0.3 ಆಂಪಿಯರ್ ಎಳೆಯುತ್ತಿತ್ತು. 24 ಗಂಟೆಗೆ ಲೆಕ್ಕ ಹಾಕಿದರೆ ದಿನಕ್ಕೆ 7 ಆಂಪಿಯರ್-ಅವರ್, ಬ್ಯಾಟರಿಯ ಅಳತೆಯೂ ಇದರಲ್ಲೇ. ಹೊರಡುವ ಮೊದಲು ಒಂದು ವಾರ ಗಾಡಿ ಅಂಗಳದಲ್ಲಿ ಸುಮ್ನೆ ನಿಂತಿತ್ತು, ಅಲ್ಲಿಗೆ 50. ನನ್ನ ಬ್ಯಾಟರಿ 100ರದ್ದು. ಉಡುಪಿಯಿಂದ ಮರವಂತೆಗೆ ಓಡಿಸಿದ ಒಂದು ಗಂಟೆಯಲ್ಲಿ ಅದು ತುಂಬುತ್ತದಾ? ಅದರ ಮೇಲೆ ಎರಡು ಸಂಜೆಯ ಹಾಡು.

ಹಾಗಾಗಿ ಮೋಟರ್‌ಹೋಮ್ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟೇ. ರೇಡಿಯೊ ನೀವೇ ಹಾಕಿ. ದುಡ್ಡು ಉಳಿಯುತ್ತದೆ ಅಂತ ಅಲ್ಲ, ಉಳಿಯುವುದು ಒಂದು ಹೊತ್ತಿನ ಊಟದಷ್ಟು. ಕಾರಿಗೆ ದಿನಾ ಸೆಟ್ ಹಾಕುವವರಿಗೆ ಎರಡನೇ ಬ್ಯಾಟರಿ ಇದೆ ಅನ್ನುವುದೇ ತಲೆಗೆ ಬರುವುದಿಲ್ಲ. ಈ ಸಲ ಹೊಸ ಸೆಟ್ ತರಲು ಮಂಗಳೂರಿಗೆ ಹೋದಾಗಲೂ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ. "ಸರ್, ಇದರ ಮೇಲೆ ಸ್ವಲ್ಪ ಹಾಕಿದ್ರೆ ಒಂಬತ್ತು ಇಂಚಿನ ಸ್ಕ್ರೀನ್ ಬರ್ತದೆ. ಎಂತಕ್ಕೆ ಇದು?"

ಎಂತಕ್ಕೆ ಅಂದರೆ, ಇದಕ್ಕೆ ತಿರುಗಿಸುವ ಗುಬ್ಬಿ ಉಂಟು. ಪಡುಬಿದ್ರಿ ಜಂಕ್ಷನ್‌ನಲ್ಲಿ ಬಸ್ಸು ಬಲಗಡೆಯಿಂದ ನುಗ್ಗುವಾಗ ಗಾಜಿನ ಮೇಲೆ ಬೆರಳು ಹುಡುಕಾಡುವುದು ನನ್ನಿಂದ ಆಗದು. ಮ್ಯಾಪ್‌ಗೆ ಫೋನ್ ಇದೆ. ಮತ್ತೆ ನನ್ನ ಡ್ಯಾಶ್‌ಬೋರ್ಡಿನ ಕಿಂಡಿ ಸಿಂಗಲ್ ಡಿನ್, 180ಕ್ಕೆ 50 ಮಿಲಿಮೀಟರ್. ದೊಡ್ಡದು ಬೇಕಾದರೆ ಪ್ಲಾಸ್ಟಿಕ್ ಕೊಯ್ಯಬೇಕು. ನಾನು ಕೊಯ್ಯಲಿಲ್ಲ.

ಭಾನುವಾರ ಬೆಳಿಗ್ಗೆ ಕೆಲಸ ಶುರು. ಟಾರ್ಚ್ ಹಿಡಿಯಲು ಸುರತ್ಕಲ್‌ನಿಂದ ಭಾವ ಬಂದಿದ್ದರು. ಮೊದಲು ಸೋಲಾರ್ ಪ್ಯಾನೆಲ್‌ನ ವಯರ್ ಬಿಚ್ಚಿದೆ, ಆಮೇಲೆ ಎರಡೂ ಬ್ಯಾಟರಿಯ ಮೈನಸ್. ಇದೇ ಕ್ರಮದಲ್ಲಿ ಮಾಡಿ. ಒಂದು ಬ್ಯಾಟರಿ ಬಿಚ್ಚಿ 'ಆಯ್ತು' ಅಂದುಕೊಂಡರೆ ಡ್ಯಾಶ್‌ಬೋರ್ಡ್ ಹಿಂದೆ ಎಲ್ಲೋ ಇನ್ನೊಂದರ ಕರೆಂಟ್ ಕಾದು ಕೂತಿರುತ್ತದೆ.

ಸೆಟ್ ಹೊರಗೆ ಎಳೆಯಲು ಎರಡು ತೆಳ್ಳಗಿನ ಕೀ ಕೊಟ್ಟಿರುತ್ತಾರೆ. ನಮ್ಮದು ಕಳೆದುಹೋಗಿತ್ತು. ಹ್ಯಾಕ್ಸಾ ಬ್ಲೇಡ್ ಎರಡು ತುಂಡು ಮಾಡಿ, ಹಲ್ಲು ಉಜ್ಜಿ ತೆಗೆದು, ಎರಡು ಬದಿಯಲ್ಲಿ ತೂರಿಸಿದೆ. ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಲು ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತದೆ ಅಂತ ಅಡುಗೆಮನೆಯಿಂದ ದೋಸೆ ಎಬ್ಬಿಸುವ ಮರದ ಸಟ್ಟುಗ ತಂದೆ. ಒಂದು ಗೀರು ಇಲ್ಲದೆ ಬಂತು. ಸಟ್ಟುಗಕ್ಕೆ ಮಾತ್ರ ಸ್ವಲ್ಪ ಗ್ರೀಸ್ ಹತ್ತಿತು, ಅದರ ಬಗ್ಗೆ ಮನೆಯಲ್ಲಿ ನಡೆದ ಚರ್ಚೆ ಇಲ್ಲಿ ಬೇಡ.

ಒಳಗೆ ನೋಡಿದರೆ ಮಲ್ಪೆಯ ಮರಳು, ಒಂದು ಸತ್ತ ಜಿರಳೆ, ಮತ್ತೆ ಆ ಟೇಪ್. ನಮ್ಮ ಊರಿನ ಸೆಕೆಗೆ ಅದರ ಗಮ್ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಒಳಗಿನ ತಾಮ್ರ ಹಸಿರು. ಉಪ್ಪುಗಾಳಿಗೆ ತಿರುಚಿದ ಜಾಯಿಂಟ್ ಎಷ್ಟು ದಿನ ಬಾಳುತ್ತದೆ ಹೇಳಿ. ಹಿಂದಿನ ಒಂದು ಸ್ಪೀಕರ್‌ನ ಮೈನಸ್ ಅನ್ನು ಗಾಡಿಯ ತಗಡಿಗೆ ಸ್ಕ್ರೂ ಮಾಡಿದ್ದರು. ಈಗಿನ ಸೆಟ್‌ಗಳಲ್ಲಿ ಸ್ಪೀಕರ್‌ನ ಎರಡೂ ವಯರ್ ಸೆಟ್ಟಿಗೇ ವಾಪಸ್ ಹೋಗಬೇಕು, ತಗಡಿಗೆ ತಾಗಿದರೆ ಒಳಗಿನ ಐಸಿ ಚಿಪ್ ಸುಡಬಹುದು. ಹಳೇ ಸೆಟ್ ಒಂದು ಕಿವಿ ಕೇಳಿಸದ ಹಾಗೆ ಹಾಡುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು.

ಇನ್ನು ಹಳದಿ ವಯರ್ ವಿಷಯ. ನಾನು ಮೊದಲು ಯೋಚಿಸಿದ್ದು, ಕೆಂಪು ಒಂದನ್ನೇ ಮನೆ ಬ್ಯಾಟರಿಗೆ ಕೊಟ್ಟರೆ ಸಾಕು, ಹಳದಿ ಬರೀ ಗಡಿಯಾರ, ಸ್ಟೇಷನ್ ನೆನಪಿಟ್ಟುಕೊಳ್ಳಲು ಅಲ್ವಾ ಅಂತ. ತಪ್ಪು. ಹೆಚ್ಚಿನ ಸೆಟ್‌ಗಳಲ್ಲಿ ಕೆಂಪು ಬರೀ 'ಏಳು' ಅಂತ ಹೇಳುವ ವಯರ್. ಹಾಡಲು ಬೇಕಾದ ಶಕ್ತಿ ಬರುವುದು ಹಳದಿಯಲ್ಲೇ. ಕೆಂಪು ಮಾತ್ರ ಬದಲಿಸಿದ್ದರೆ ಮತ್ತೊಮ್ಮೆ ಮರವಂತೆ, ಮತ್ತೊಂದು ಮೀನಿನ ಟೆಂಪೊ. ಎರಡನ್ನೂ ಮನೆ ಬ್ಯಾಟರಿಗೆ ತಂದೆ. ಹಳದಿಗೆ ಬ್ಯಾಟರಿಯ ಹತ್ತಿರವೇ 10 ಆಂಪಿಯರ್ ಫ್ಯೂಸ್, ಕೆಂಪಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಸ್ವಿಚ್. ಗಾಡಿಯ ಕಡೆಯ ವಯರ್‌ಗಳ ಬಣ್ಣ ನಂಬಬೇಡಿ, ಒಂದೊಂದನ್ನೂ ಮೀಟರ್ ಹಿಡಿದೇ ನೋಡಿ. "ಭಾವಾ, ಅದು ಕಪ್ಪು, ಮೈನಸ್ ಆಗಿರ್ತದೆ ಬಿಡಿ" ಅಂದರು ಟಾರ್ಚ್ ಹಿಡಿದಿದ್ದವರು. ಆಮೇಲೆ ನೋಡಿದರೆ 12 ವೋಲ್ಟ್! ಜಾಯಿಂಟ್‌ಗೆಲ್ಲ ಒತ್ತಿ ಕೂರಿಸುವ ಕ್ರಿಂಪ್, ಮೇಲೆ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್.

ಮಧ್ಯಾಹ್ನ ಎರಡಕ್ಕೆ ಸೆಟ್ ಹಾಡಿತು. ಅಪ್ಪ ಬಂದು ಮುಂದಿನ ಸೀಟಿನಲ್ಲಿ ಕೂತು "ಆಕಾಶವಾಣಿ ಹಾಕು" ಅಂದರು. 100.3 ಬಂತು, ಮಂಗಳೂರು ಕದ್ರಿಯ ಸ್ಟೇಷನ್, ಸ್ವಚ್ಛ. ಖಾಸಗಿಯವರ 93.5, 92.7, 98.3 ಎಲ್ಲ ಬಂತು. ಆದರೆ ಮಣಿಪಾಲದ 90.4 ಇಲ್ಲ. ಗುಬ್ಬಿ ತಿರುಗಿಸಿದರೆ 90.3, ಆಮೇಲೆ ನೇರ 90.5. ಮಂಗಳೂರಿನ ರೇಡಿಯೊ ಸಾರಂಗ್‌ನ ನಂಬರ್ 107.8, ಅದೂ ಇಲ್ಲ. 107.7, 107.9. ಆಂಟೆನಾ ಬಿಚ್ಚಿದೆ, ಉಜ್ಜಿದೆ, ಮತ್ತೆ ಹಾಕಿದೆ. ಒಂದು ಗಂಟೆ ಹೋಯಿತು.

ಕೊನೆಗೆ ಗೊತ್ತಾದದ್ದು, ಸೆಟ್ಟಿನ ಒಳಗಿನ ಸೆಟ್ಟಿಂಗ್‌ನಲ್ಲಿ ದೇಶ 'ಅಮೆರಿಕ' ಅಂತ ಇತ್ತು. ಅಲ್ಲಿ ಎಫ್‌ಎಂ ಸ್ಟೇಷನ್‌ಗಳ ನಡುವೆ 0.2 ಅಂತರ, ದಶಾಂಶದ ನಂತರ ಬರೀ ಬೆಸ ಅಂಕಿ. ನಮ್ಮ ದೊಡ್ಡ ಸ್ಟೇಷನ್‌ಗಳೆಲ್ಲ ಹೇಗೋ ಬೆಸ ಅಂಕಿಯವೇ ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾಲೇಜಿನವರು ನಡೆಸುವ ಎರಡು ಸಣ್ಣ ಸ್ಟೇಷನ್‌ಗಳು ಮಾತ್ರ ಕಾಣೆ. ಎಷ್ಟು ಗಾಡಿಗಳಲ್ಲಿ ಹೀಗೇ ಇದೆಯೋ! ಒಮ್ಮೆ ನಿಮ್ಮದರಲ್ಲಿ ತಿರುಗಿಸಿ ನೋಡಿ. 90.4ರಲ್ಲಿ ನಿಲ್ಲದಿದ್ದರೆ ಮೆನುವಿನಲ್ಲಿ ಏಷ್ಯಾ ಅಥವಾ ಯುರೋಪ್ ಮಾಡಿ. ಜಪಾನಿನಿಂದ ಬಂದ ಹಳೆಯ ಸೆಟ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅವರ ಎಫ್‌ಎಂ ಶುರುವಾಗುವುದು 76ಕ್ಕೆ, ಹಳೆಯವು 90ಕ್ಕೇ ಮುಗಿಯುತ್ತವೆ.

ಒಂದು ಸಮಸ್ಯೆ ಇನ್ನೂ ಹೋಗಿಲ್ಲ. ಹಿಂದಿನ ಎಲ್‌ಇಡಿ ಲೈಟ್ ಹಾಕಿದ ಕೂಡಲೇ ರೇಡಿಯೊದಲ್ಲಿ ಸೊರ್ರ್ ಅಂತ ಶಬ್ದ. ಅಗ್ಗದ ಲೈಟ್, ಅದರ ಒಳಗಿನ ಸರ್ಕ್ಯೂಟ್‌ನ ಗಲಾಟೆ ಆಂಟೆನಾಕ್ಕೆ ತಾಗುತ್ತದೆ. ವಯರ್‌ಗೆ ಇಂಥ ಗಲಾಟೆ ತಡೆಯುವ ಫೆರೈಟ್ ಉಂಗುರ ಹಾಕಿ ನೋಡಿದೆ, ಅರ್ಧ ಕಡಿಮೆಯಾಯಿತು. ಒಳ್ಳೆಯ ಲೈಟ್ ತರುತ್ತೇನೆ ಅಂದರೆ ಅಪ್ಪ ಬೇಡ ಅಂದರು. ಮೊನ್ನೆ ಕಾಪುವಿನಲ್ಲಿ ನಿಲ್ಲಿಸಿದ್ದಾಗ ರೇಡಿಯೊದಲ್ಲಿ ತಾಳಮದ್ದಳೆ ಶುರುವಾಯಿತು. ಅವರೇ ಎದ್ದು ಹೋಗಿ ಲೈಟ್ ಆರಿಸಿ, ಕತ್ತಲಲ್ಲಿ ಮುಂದಿನ ಸೀಟಿಗೆ ಬಂದು ಕೂತರು.