ಚೇಂಬರ್ ಕೆಡಿಸಿದ್ದು ನೀವು, ಬೈಗುಳ ಮಾತ್ರ ತೋಟಾಕ್ಕೆ!

ಬಂದೂಕು ರಿಪೇರಿಯವರು ರೈಫಲ್ಲಿಗೆ ಹೊಸ ಬ್ಯಾರಲ್ ಕೂರಿಸಿ, ತೋಟಾ ಕೂರೋ ಗೂಡು (ಚೇಂಬರ್) ಕೊರೆದು ಕೊಟ್ಟಿರ್ತಾರೆ. ನಾಲ್ಕು ಗುಂಡು ಹಾರಿಸೋ ಹೊತ್ತಿಗೆ ಬೋಲ್ಟ್ (ಚೇಂಬರ್ ಮುಚ್ಚೋ ಅಗುಳಿ) ಎತ್ತೋಕೆ ಅಂಗೈಯಲ್ಲಿ ಗುದ್ದಬೇಕು. ಕೇಳಿದ್ರೆ ಉತ್ತರ ರೆಡಿ: "ತೋಟಾ ಸರಿಯಿಲ್ಲ, ಬೇರೆ ಬ್ರ್ಯಾಂಡ್ ಹಾಕಿ ನೋಡಿ." ಕುಣಿಯಲಾರದವಳಿಗೆ ನೆಲ ಡೊಂಕು! ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸಿಗೆ ಮೈಕ್ರೋಮೀಟರ್ ಹಿಡಿಯೋಕೆ ಎರಡು ನಿಮಿಷ ಸಾಕಲ್ಲ ಸ್ವಾಮಿ?

308 ವಿಂಚೆಸ್ಟರ್ ಅನ್ನೋ ತೋಟಾದ ಚೇಂಬರಿನ ಬುಡ, ಬೋಲ್ಟ್ ಮುಖದಿಂದ ಸುಮಾರು 5 ಮಿ.ಮೀ. ಮುಂದೆ, ಕನಿಷ್ಠ 11.97 ಮಿ.ಮೀ. ಇರಬೇಕು, ಮೇಲೆ ಹೋದ್ರೂ 12.02. ಹಾರಿಸಿದ ಕೇಸೇ ಅಲ್ಲಿ 12.05 ತೋರಿಸ್ತಿದ್ರೆ ಚೇಂಬರ್ ಅದಕ್ಕಿಂತ ದೊಡ್ಡದು ಅಂತಲೇ ಅರ್ಥ, ಯಾಕಂದ್ರೆ ಹಿತ್ತಾಳೆ ಹಿಗ್ಗಿದ ಮೇಲೆ ಚೂರು ಕುಗ್ಗುತ್ತೆ. ಇದರಲ್ಲಿ ತೋಟಾದ ತಪ್ಪೇನು? ಲೇತಿನಲ್ಲಿ ಉಪಕರಣ ಹಿಡಿಯೋ ತುದಿಯಾದ ಟೇಲ್‌ಸ್ಟಾಕ್ ಸೆಂಟರ್ ನೋಡದೆ ರೀಮರನ್ನ (ಚೇಂಬರ್ ಕೊರೆಯೋ ಉಪಕರಣ) ಬಿಗಿದು ನೂಕಿದ್ದು ತಪ್ಪು. ರೀಮರ್ ಮುಂದಿನ ದಾರಿ ತೋರೋ ತುದಿ (ಪೈಲಟ್) ಬ್ಯಾರಲ್ಲಿನ ತೂತಿನ (ಬೋರ್) ದಾರಿ ಹಿಡಿಯುತ್ತೆ, ಹಿಂದಿನ ತುದಿ ಟೇಲ್‌ಸ್ಟಾಕ್ ಎಳೆದ ಕಡೆ ವಾಲುತ್ತೆ, ಬುಡ ತುತ್ತೂರಿ ಬಾಯಾಗುತ್ತೆ. ಇದಕ್ಕೇ ರೀಮರ್ ತಾನೇ ಸೆಂಟರ್ ಹುಡುಕಿಕೊಳ್ಳೋಕೆ ಬಿಡೋ ಫ್ಲೋಟಿಂಗ್ ಹೋಲ್ಡರ್ ಅಂತ ಒಂದು ಇರೋದು!

ಕೇಸನ್ನ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಉದ್ದಕ್ಕೂ ಚಪ್ಪಟೆ ಪಟ್ಟಿ ಕಂಡ್ರೆ ಅದು ಚಾಟರ್, ಅಂದ್ರೆ ಕೊರೆಯುವಾಗ ರೀಮರ್ ನಡುಗಿದ ಗುರುತು. ಸುತ್ತಲೂ ಬಳೆಯಂಥ ಗೀರಿದ್ರೆ ರೀಮರ್ ಸಂದಿಯಲ್ಲಿ ಚಿಪ್ ತುಂಬಿಕೊಂಡು ಉಜ್ಜಿದೆ. ನಿಮಿಷಕ್ಕೆ 60-80 ಸುತ್ತು, ಮಿಲಿಮೀಟರ್ ಕೊರೆದು ಹೊರಗೆಳಿ, ಒರೆಸು, ಎಣ್ಣೆ ಹಾಕು, ಮತ್ತೆ ಒಳಗೆ. ಚಾಟರ್ ಶುರುವಾದ ಕೂಡಲೇ ನಿಲ್ಲಿಸಿ, ಗ್ರೀಸ್ ಬಳಿದ ಮೇಣದ ಕಾಗದ ರೀಮರಿಗೆ ಸುತ್ತಿ ಇನ್ನೂ ನಿಧಾನಕ್ಕೆ ಕೊರೆದ್ರೆ ಸಾಮಾನ್ಯವಾಗಿ ಹೋಗುತ್ತೆ. ಅಷ್ಟು ತಾಳ್ಮೆ ಇಲ್ಲ. ಕೊನೆಗೆ ಎಮರಿ ಕಾಗದ ತಂದು ಕನ್ನಡಿ ಥರ ಪಾಲಿಶ್ ಮಾಡ್ತಾರೆ! ಆಗಲೇ ದೊಡ್ಡದಾದ ಚೇಂಬರ್ ಇನ್ನೂ ದೊಡ್ಡದಾಯ್ತು, ಕೇಸಿಗೆ ಗೋಡೆಯ ಹಿಡಿತ ಕಮ್ಮಿಯಾಗಿ ಬೋಲ್ಟ್ ಮೇಲೆ ಒತ್ತಡ ಜಾಸ್ತಿಯಾಯ್ತು. 320 ಗ್ರಿಟ್‌ನಲ್ಲಿ ಕೆಲವು ಸೆಕೆಂಡ್ ಬರ್ (ಅಂಚಿನ ಮುಳ್ಳು) ತೆಗೆಯೋದು ಬೇರೆ, ಪಾಪ ಮುಚ್ಚೋಕೆ ಉಜ್ಜೋದು ಬೇರೆ.

ಅನುಮಾನ ಇದ್ರೆ ಸೆರೋಸೇಫ್ ಅನ್ನೋ ಬೇಗ ಕರಗೋ ಮಿಶ್ರಲೋಹ ಚೇಂಬರಿಗೆ ಸುರಿದು ಅಚ್ಚು ತೆಗೀರಿ. ಒಲೆಯ ಸಣ್ಣ ಶಾಖಕ್ಕೇ ಕರಗುತ್ತೆ, 71ರಿಂದ 88 ಡಿಗ್ರಿ ಸೆಲ್ಸಿಯಸ್. ತೆಗೆದ ತಕ್ಷಣ ಅಳೆದ್ರೆ ಪ್ರಯೋಜನವಿಲ್ಲ: ಮೊದಲರ್ಧ ಗಂಟೆ ಕುಗ್ಗುತ್ತೆ, ಗಂಟೆ ಸುಮಾರಿಗೆ ಸರಿ ಅಳತೆಗೆ ಬರುತ್ತೆ, ಆಮೇಲೆ ಹಿಗ್ಗುತ್ತಲೇ ಹೋಗುತ್ತೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇದೆ, ಅಡುಗೆ ಪಾತ್ರೆ ಮುಟ್ಟಬೇಡಿ.

ಸರಿ ಮಾಡೋಕೆ ಬ್ಯಾರಲ್ ಬುಡ ಕೊರೆದು ಹಿಂದಕ್ಕೆ ತಂದು, ಚೇಂಬರ್ ಮತ್ತೆ ಕೊರೆಯಲೇಬೇಕು. "ಒಂದು ಎಳೆ (ಥ್ರೆಡ್) ಹಿಂದಕ್ಕೆ ತಂದ್ರೆ ಆಯ್ತು" ಅನ್ನೋರು ಲೆಕ್ಕ ಹಾಕಿರಲ್ಲ. ಇಂಚಿಗೆ 16 ಎಳೆ ಇದ್ರೆ ಒಂದು ಎಳೆ 1.59 ಮಿ.ಮೀ. ಆಳ ಮಾತ್ರ ಜಾಸ್ತಿಯಾಗಿದ್ರೆ ಅಷ್ಟು ಸಾಕು. ಮೈಯುದ್ದಕ್ಕೂ ಹಿಗ್ಗಿದ್ರೆ ಸಾಲದು: 308ರ ಮೈ ಮಿಲಿಮೀಟರಿಗೆ ಬರೀ 0.012 ಸಣ್ಣದಾಗ್ತಾ ಹೋಗುತ್ತೆ, 0.08 ತೆಗೀಬೇಕು ಅಂದ್ರೆ ಆರೂವರೆ ಮಿ.ಮೀ.ಗಿಂತ ಹೆಚ್ಚು ಹಿಂದಕ್ಕೆ ಬರಬೇಕು. ಬ್ಯಾರಲ್ಲಿನ ಹಿಂದಿನ ಮುಖ (ಬ್ರೀಚ್), ಎಳೆ ಮುಗಿಯೋ ಮೆಟ್ಟಿಲು (ಶೋಲ್ಡರ್) ಎರಡನ್ನೂ ಅಷ್ಟೇ ಕೊರೆದು, ಎಳೆ ಮುಂದುವರಿಸಿ, ಬೋಲ್ಟ್ ಮೂಗಿನ ಜಾಗ ಮತ್ತೆ ಮಾಡಬೇಕು. ಹಳೇ ತೂತೇ ಡೊಂಕಾಗಿದ್ರೆ ಹೊಸ ರೀಮರೂ ಅದರ ಹಿಂದೆಯೇ ಹೋಗುತ್ತೆ. ಮೊದಲು ಬೋರಿನ ಎರಡೂ ತುದಿ ಡಯಲ್ ಇಂಡಿಕೇಟರ್ ನೋಡಿ ಸೆಂಟರಿಗೆ ತಂದು, ಸಿಂಗಲ್ ಪಾಯಿಂಟ್ ಟೂಲಿನಲ್ಲಿ ನೇರ ಮಾಡಿಕೊಳ್ಳಿ.

ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ಕೇಸಿನ ಹೆಗಲು ತಾಗೋ ಜಾಗಕ್ಕೂ ಇರೋ ಅಂತರ) ಅಳೆಯೋ ಗೇಜುಗಳು: ಗೋ (ಇದರ ಮೇಲೆ ಬೋಲ್ಟ್ ಮುಚ್ಚಬೇಕು) 41.40 ಮಿ.ಮೀ., ನೋ-ಗೋ (ಮುಚ್ಚಬಾರದು) 41.50, ಫೀಲ್ಡ್ (ಕೊನೇ ಮಿತಿ) 41.61. ಬೋಲ್ಟ್ ಫೀಲ್ಡ್ ಮೇಲೂ ಮುಚ್ಚಿಕೊಂಡ್ರೆ ಬಂದೂಕು ಎತ್ತಿಡಿ, ವಾದ ಬೇಡ. ಎಜೆಕ್ಟರ್, ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್ ಬಿಚ್ಚದೆ ಗೇಜ್ ತೂರಿಸಿ, ಹಿಡಿಯನ್ನ ಬಲವಾಗಿ ಒತ್ತಿ "ನೋಡಿ, ಗೋ ಮೇಲೆ ಮುಚ್ತು" ಅನ್ನೋರಿಗೆ ಏನು ಹೇಳೋದು? ಬೆರಳಿನ ಭಾರಕ್ಕೆ ಇಳೀಬೇಕು ಕಣ್ರೀ ಅದು, ತೋಳಿನ ಬಲಕ್ಕಲ್ಲ.