ಹೊಲಿಗೆ ಇಲ್ಲದ ಚಿಕಿತ್ಸೆ

ನಮ್ಮ ತೀರ್ಥಹಳ್ಳಿ ಕಡೆ ಕಾಯಿಲೆಯ ಮರ್ಯಾದೆ ಹೊಲಿಗೆಯ ಲೆಕ್ಕದಲ್ಲಿದೆ. ಎಂಟು ಹೊಲಿಗೆ ಬಿದ್ದವನಿಗೆ ಮದುವೆ ಮನೆಯಲ್ಲಿ ಕೇಳದೇ ಕುರ್ಚಿ ಬರುತ್ತದೆ. ಚಿಕ್ಕಪ್ಪ ಅಪೆಂಡಿಕ್ಸ್ ತೆಗೆಸಿ ಎಷ್ಟೋ ವರ್ಷವಾಯಿತು. ಈಗಲೂ ಯಾರಾದರೂ ಹೊಟ್ಟೆನೋವು ಅಂದರೆ ಸಾಕು, ಅಂಗಿ ಎತ್ತಿ ಗುರುತು ತೋರಿಸುತ್ತಾರೆ. ಇಂಥ ಊರಲ್ಲಿ ನನ್ನ ಪಾಲಿಗೆ ಬಂದಿದ್ದು ಬರೀ ಒಂದು ಸೂಜಿ.

ಅಡಿಕೆ ಚೀಲ ಎತ್ತುವಾಗ ಸೊಂಟ ‘ಕಟಕ್’ ಅಂತು. ನೋವು ತೊಡೆಯ ಹಿಂದೆ ಇಳಿದು ಹೆಬ್ಬೆರಳಲ್ಲಿ ಬಿಡಾರ ಹೂಡಿತು. ಎಣ್ಣೆ ತಿಕ್ಕಿದ್ದಾಯಿತು, ಲಕ್ಕಿ ಸೊಪ್ಪಿನ ಶಾಖ ಆಯಿತು. ಕೊನೆಗೆ ಚಿಕ್ಕಪ್ಪನ ಜೊತೆ ಶಿವಮೊಗ್ಗಕ್ಕೆ ಹೊರಟೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಎಲ್ಲೆಲ್ಲಿ ಹಂಪ್ ಇದೆ ಅಂತ ನನ್ನ ಹೆಬ್ಬೆರಳು ಬಸ್ಸಿನ ಡ್ರೈವರಿಗಿಂತ ಮೊದಲೇ ಹೇಳುತ್ತಿತ್ತು.

ಎಂಆರ್‌ಐ ನೋಡಿದ ಡಾಕ್ಟರು, ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರ ಒತ್ತುತ್ತಿದೆ ಅಂದರು. "ಈಗಲೇ ಆಪರೇಷನ್ ಬೇಡ. ಎಕ್ಸ್‌ರೇಯಲ್ಲಿ ನೋಡ್ತಾ ನರದ ಬುಡಕ್ಕೆ ಇಂಜೆಕ್ಷನ್ ಕೊಡೋಣ. ಸಂಜೆಗೆ ಮನೆಗೆ ಹೋಗಬಹುದು."

ನನಗೆ ಖುಷಿಯಾಯಿತು. ಚಿಕ್ಕಪ್ಪನ ಮುಖ ಬಾಡಿತು. "ಎಂತ ಮಾರಾಯ, ಬರೀ ಇಂಜೆಕ್ಷನ್ನಾ? ಅದನ್ನ ಊರಲ್ಲೇ ಹಾಕ್ತಿದ್ರಲ್ಲ!"

ಸಮಾಧಾನಕ್ಕೆ ಒಂದು ಕಥೆ ಹೇಳಿದೆ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 82 ವರ್ಷದ ಅಜ್ಜಿಯೊಬ್ಬರ ಕಾಲಿಗೆ ರಕ್ತ ಹರಿಯದೆ ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸಬೇಕು ಅಂದಾಗ ಅಜ್ಜಿ ಸುತಾರಾಂ ಒಪ್ಪಲಿಲ್ಲ. ಆಗ ಚಾರ್ಲ್ಸ್ ಡಾಟರ್ ಎಂಬ ಡಾಕ್ಟರು, ಎಕ್ಸ್‌ರೇ ನೋಡುತ್ತಾ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಕಟ್ಟಿಕೊಂಡ ಜಾಗ ಬಿಡಿಸಿದರು. ಕಾಲು ಉಳಿಯಿತು, ಅಜ್ಜಿ ನಡೆದಾಡಿದರು. ಚಿಕ್ಕಪ್ಪ ಪೂರ್ತಿ ಕೇಳಿ, "ಹೊಲಿಗೆ ಎಷ್ಟು ಬಿತ್ತಂತೆ?" ಅಂದರು.

ಒಳಗೆ ಸಿ-ಆರ್ಮ್ ಇತ್ತು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಎಕ್ಸ್‌ರೇ ಯಂತ್ರ. ಒಂದು ತುದಿ ಕಿರಣ ಬಿಡುತ್ತೆ, ಇನ್ನೊಂದು ತುದಿ ಹಿಡಿದು ಪರದೆಗೆ ಕಳಿಸುತ್ತೆ. ನಡುವೆ ಹೊಟ್ಟೆ ಕೆಳಗೆ ದಿಂಬಿಟ್ಟುಕೊಂಡು ನಾವು ಬೋರಲು. ಸುತ್ತಲಿದ್ದವರೆಲ್ಲ ಸೀಸದ ಏಪ್ರನ್ ತೊಟ್ಟಿದ್ದರು. ನನಗೆ ಮಾತ್ರ ಹಿಂದೆ ಬಿರಿದ ಹಸಿರು ಗೌನು. ಧೈರ್ಯ ಬರುವಂಥ ನೋಟ ಅಲ್ಲ, ಅಲ್ವಾ?

ಪರದೆ ನೋಡಿದ ಡಾಕ್ಟರು ತಡೆದು ನಿಂತರು. "ಇದೇನ್ರೀ ಇಲ್ಲಿ?"

ಬೆನ್ನುಮೂಳೆಯ ಮೇಲೆ, ಸೂಜಿ ಹೋಗಬೇಕಾದ ಜಾಗದಲ್ಲೇ, ಕಡುಕಪ್ಪು ಗುಳಿಗೆಯಂಥದ್ದು ಕೂತಿತ್ತು. ಅಮ್ಮ ಬೆಳಿಗ್ಗೆ ನನ್ನ ಉಡಿದಾರಕ್ಕೆ ಕಟ್ಟಿದ ತಾಯಿತ! ಉಂಗುರ, ಸರ, ವಾಚು ಎಲ್ಲ ಬಿಚ್ಚಿಸಿದ್ದರು. ಉಡಿದಾರ ಯಾರಿಗೂ ಹೊಳೆದಿರಲಿಲ್ಲ. ನರ್ಸ್ ಕತ್ತರಿ ತಂದರು. "ಕತ್ತರಿಸ್ಬೇಡಿ ಸಿಸ್ಟರ್, ಅಮ್ಮ ಬಯ್ತಾರೆ" ಅಂದೆ. ಪಾಪ, ಅವರ ಮನೆಯಲ್ಲೂ ಅಮ್ಮ ಇರಬೇಕು. ದಾರ ಎಳೆದು, ತಾಯಿತವನ್ನು ಪಕ್ಕೆಗೆ ಸರಿಸಿ ಪ್ಲಾಸ್ಟರ್ ಅಂಟಿಸಿದರು.

ಮೊದಲು ಚರ್ಮ ಮರಗಟ್ಟಿಸುವ ಚುಚ್ಚು. ಆಮೇಲೆ ಉದ್ದನೆಯ ತೆಳು ಸೂಜಿ. ಒಂದಿಷ್ಟು ಒಳಗೆ, ಒಂದು ಚಿತ್ರ. ಇನ್ನೊಂದಿಷ್ಟು, ಇನ್ನೊಂದು ಚಿತ್ರ. ಮದ್ದಿಗಿಂತ ಮೊದಲು ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಡುತ್ತಾರೆ. ಅದು ರಕ್ತನಾಳಕ್ಕೆ ನುಗ್ಗದೆ ನರದ ಗುಂಟ ಹರಿದರೆ ಮಾತ್ರ ಮುಂದಿನ ಕೆಲಸ.

"ಕಾಲಿಗೆ ಇಳೀತಾ?"

ಹೆಬ್ಬೆರಳಿಗೆ ಕರೆಂಟ್ ಹೊಡೆಯಿತು. "ಇಳೀತೂ!" ಅಂತ ಕೂಗಿದ್ದು ಹೊರಗಿದ್ದ ಚಿಕ್ಕಪ್ಪನಿಗೂ ಕೇಳಿತಂತೆ.

"ವೆರಿ ಗುಡ್" ಅಂದರು ಡಾಕ್ಟರು. ಸೂಜಿ ಸರಿಯಾದ ನರದ ಹತ್ತಿರವೇ ಇದೆ ಅಂತ ಅವರಿಗೆ ಖುಷಿ. ಹೀಗೆ ಹೇಳುವುದಕ್ಕೆಂದೇ ರೋಗಿಯನ್ನು ಎಚ್ಚರ ಇಟ್ಟಿರುತ್ತಾರಂತೆ.

ಒಳಗೆ ಹೋದ ಸ್ಟಿರಾಯ್ಡ್ ನರದ ಸುತ್ತಲಿನ ಊತ ಇಳಿಸುತ್ತದೆ, ಉಬ್ಬಿದ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಗುಣ ಕಾಣಲು ಕೆಲವು ದಿನ ಬೇಕು. ಕೆಲವರಿಗೆ ತಿಂಗಳುಗಟ್ಟಲೆ ಆರಾಮ, ಕೆಲವರಿಗೆ ಏನೂ ಇಲ್ಲ. ಶುಗರ್ ಇದ್ದವರು ಮೊದಲೇ ಹೇಳಬೇಕು, ಸ್ವಲ್ಪ ದಿನ ಏರುತ್ತದೆ. ನನಗಂತೂ ಹೆಬ್ಬೆರಳಿನ ಬಾಡಿಗೆದಾರ ಆ ವಾರದಲ್ಲೇ ಅರ್ಧ ಸಾಮಾನು ಕಟ್ಟಿದ.

ಆದರೆ ಮನೆಯಲ್ಲಿ ನನ್ನ ಬೆಲೆ ಪಾತಾಳಕ್ಕಿಳಿದಿತ್ತು. ನೋಡಲು ಬಂದವರಿಗೆ ತೋರಿಸಲು ಬೆರಳಗಲದ ಒಂದು ಪ್ಲಾಸ್ಟರ್ ಬಿಟ್ಟರೆ ಬೇರೇನಿಲ್ಲ. ಅದೂ ಮರುದಿನ ಸ್ನಾನದಲ್ಲಿ ಬಿದ್ದುಹೋಯಿತು. ಮಗ ಸೊಳ್ಳೆ ಕಚ್ಚಿದ ಗುರುತು ತೋರಿಸಿ, "ಇದು ಇಂಜೆಕ್ಷನ್‌ಗಿಂತ ದೊಡ್ಡದಿದೆ ಅಪ್ಪ" ಅಂದ.

ದೊಡ್ಡಮ್ಮ ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದರು. ಕನ್ನಡಕ ಹಾಕಿ ನನ್ನ ಸೊಂಟವನ್ನು ಅಕ್ಕಿ ಆರಿಸುವ ಹಾಗೆ ಹುಡುಕಿದರು. ಏನೂ ಸಿಗಲಿಲ್ಲ. ಕಾಫಿ ಕುಡಿದು ಎದ್ದವರು, ಮೇಜಿನ ಮೇಲಿಟ್ಟಿದ್ದ ಬಾಟಲಿಯನ್ನು ಮೆಲ್ಲಗೆ ಚೀಲಕ್ಕೆ ವಾಪಸ್ ಹಾಕಿಕೊಂಡರು.

"ಬೇಜಾರು ಮಾಡ್ಕೋಬೇಡ ಮಗಾ. ಕೆಳಗಿನ ಮನೆಯವರಿಗೆ ಹರ್ನಿಯಾ ಆಪರೇಷನ್ ಆಗಿದೆ."