ಘಾಟ್ಕೋಪರ್ ಮುಖ

ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ ಮುಂಬಯಿಯ ಫೋರ್ಟಿನ ಆಫೀಸಿಗೆ, ಅಂದರೆ ಲೈನಿನ ಕೊನೆಯವರೆಗೂ, ಹೋಗುತ್ತಿದ್ದೇನೆ. ಸೀಟಿನ ಆಸೆಗೆ ಒಂದು ಜ್ಯೋತಿಷ್ಯ ಕಲಿತಿದ್ದೇನೆ. ಕೂತವರ ಮುಖ ನೋಡಿ ಅವರು ಇಳಿಯುವ ಸ್ಟೇಷನ್ ಹೇಳುವುದು.

'ಕುಠೇ ಉತರಣಾರ್?' (ಎಲ್ಲಿ ಇಳಿಯುತ್ತೀರಿ?) ಎಂದು ಮರಾಠಿಯಲ್ಲಿ ಕೇಳಿ ಸೀಟು ಗೊತ್ತು ಮಾಡಿಕೊಳ್ಳುವುದು ಇಲ್ಲಿಯ ರೂಢಿ. ನಾನು ಕೇಳುವುದಿಲ್ಲ. ವಿದ್ಯೆ ಇರುವವನು ಯಾಕೆ ಕೇಳಬೇಕು, ಅಲ್ವಾ? ತೊಡೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು ಇದ್ದರೆ ಘಾಟ್ಕೋಪರ್. 2014ರಲ್ಲಿ ಅಲ್ಲಿಂದ ಅಂಧೇರಿ ಕಡೆಗೆ ಮೆಟ್ರೋ ಶುರುವಾದ ಮೇಲೆ ಈ ಲೆಕ್ಕ ಇನ್ನೂ ಗಟ್ಟಿಯಾಯಿತು. ಮಡಚಿದ ದೊಡ್ಡ ಚೀಲ ಇದ್ದರೆ ದಾದರ್, ಹೂವಿನ ಮಾರ್ಕೆಟ್. ಕಣ್ಣು ಮುಚ್ಚಿ ಬಾಯಿ ತೆರೆದವರು ಕೊನೆಯವರೆಗೆ. ಅವರ ಮುಂದೆ ನಿಲ್ಲಲೇಬಾರದು.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಹೊರಟಿತಲ್ಲ, ಅದರಲ್ಲಿದ್ದ ಸುಮಾರು 400 ಮಂದಿಗೆ ಈ ತಾಪತ್ರಯವೇ ಇರಲಿಲ್ಲ. ಎಲ್ಲರೂ ಠಾಣೆಯಲ್ಲೇ ಇಳಿಯುವವರು. ಪುಣ್ಯವಂತರು.

ಒಂದು ದಿನ ಪಕ್ಕಾ ಘಾಟ್ಕೋಪರ್ ಮುಖವೊಂದು ಸಿಕ್ಕಿತು. ಲ್ಯಾಪ್‌ಟಾಪ್ ಬ್ಯಾಗು, ಐಡಿ ಕಾರ್ಡು, ಎಲ್ಲ ಲಕ್ಷಣವೂ ಸರಿ. ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತೆ. ಠಾಣೆ ದಾಟಿದ್ದೇ ಆತ ಬ್ಯಾಗಿನ ಜಿಪ್ ಎಳೆದ. ಒಳಗಿಂದ ಹೊರಬಂದದ್ದು ಒಂದು ಜೊತೆ ತಾಳ! ಹಿಂದಿನ ಸೀಟಿನಿಂದ ಯಾರೋ 'ವಿಠ್ಠಲ' ಎಂದರು, ಭಜನೆ ಶುರುವಾಯಿತು. ಘಾಟ್ಕೋಪರ್ ಬಂತು, ಹೋಯಿತು. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಅಜ್ಜ ಮಾತ್ರ ಅಲ್ಲಿ ತಟ್ಟನೆ ಎದ್ದು, ಕೊಡೆ ಹಿಡಿದು ಇಳಿದೇಬಿಟ್ಟರು. ಆ ಸೀಟು ಮೊದಲೇ ಕೇಳಿಟ್ಟುಕೊಂಡಿದ್ದವನ ಪಾಲಾಯಿತು. ನಾನು ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೆ ನಿಂತೇ ಹೋದೆ. ಭೈಖಳಾ ಹತ್ತಿರ ಬರುವಾಗ ನಾನೂ ಚಪ್ಪಾಳೆ ತಟ್ಟುತ್ತಿದ್ದೆ ಅನ್ನಿ.

ಹೋದ ವಾರ ಡೊಂಬಿವಲಿಯಲ್ಲೇ ಸೀಟು ಸಿಕ್ಕಿತು, ಅದೂ ಕಿಟಕಿ ಪಕ್ಕ. ಸಂಜೆ ಬರುವಾಗ ತರಕಾರಿ ತರಲಿ ಎಂದು ಮನೆಯಾಕೆ ಕೊಟ್ಟ ದೊಡ್ಡ ಚೀಲ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಒಬ್ಬ ಹುಡುಗ ಬಂದು ನನ್ನ ಮುಂದೆ ನಿಂತ. ಏನೂ ಕೇಳಲಿಲ್ಲ. ನನ್ನ ಮುಖ ನೋಡಿದ, ಚೀಲ ನೋಡಿದ, ನಿಶ್ಚಿಂತೆಯಿಂದ ಮೊಬೈಲ್ ತೆಗೆದ. ನನಗೂ ಹೇಳಲು ಮನಸ್ಸಾಗಲಿಲ್ಲ.

ದಾದರ್ ಬಂತು. ಹುಡುಗ ಮೊಬೈಲ್ ಜೇಬಿಗಿಟ್ಟು, ಬದಿಗೆ ಸರಿದು, ನನಗೆ ದಾರಿ ಬಿಟ್ಟ. ನಾನು ಕಿಟಕಿಯಾಚೆ ನೋಡುತ್ತ ಕೂತೆ.